ಸ್ಕ್ಯಾನರ್‌ಗೆ ಓಎಸ್ ಪತ್ತೆ ಸೇರಿಸುವುದು ಹೇಗೆ: ಯಾವ ಹೆಜ್ಜೆ ಮೊದಲು, ಯಾವುದು ಆಮೇಲೆ

ನೆಟ್‌ವರ್ಕಿನ ಯಂತ್ರಗಳನ್ನು ತಪಾಸಣೆ ಮಾಡುವ ಓಪನ್ ಸೋರ್ಸ್ ಸ್ಕ್ಯಾನರ್‌ಗೆ, ಎದುರಿನ ಯಂತ್ರದ ಆಪರೇಟಿಂಗ್ ಸಿಸ್ಟಂ (ಓಎಸ್) ಪತ್ತೆ ಹಚ್ಚುವ ಭಾಗ ಬರೆಯಲು ಹೊರಟವರು ಹೆಚ್ಚಾಗಿ ಒಂದೇ ಜಾಗದಲ್ಲಿ ಎಡವುತ್ತಾರೆ. ಮೊದಲ ದಿನವೇ ರಾ ಸಾಕೆಟ್ (ಪ್ಯಾಕೆಟ್ ಅನ್ನು ಹೆಡರ್ ಸಮೇತ ಕೈಯಾರೆ ಕಟ್ಟಿ ಕಳಿಸುವ ದಾರಿ) ತೆರೆದು ಪ್ಯಾಕೆಟ್ ಕಳಿಸುತ್ತಾರೆ. ಉತ್ತರದ ಟಿಟಿಎಲ್ (ಪ್ಯಾಕೆಟ್ ಒಂದೊಂದು ರೂಟರ್ ದಾಟಿದಾಗಲೂ ಒಂದೊಂದು ಕಡಿಮೆಯಾಗುವ ಸಂಖ್ಯೆ) 64 ಇದ್ದರೆ ಲಿನಕ್ಸ್, 128 ಇದ್ದರೆ ವಿಂಡೋಸ್ ಅಂತ ಎರಡು ಸಾಲು ಬರೆಯುತ್ತಾರೆ. ಸ್ವಂತ ಮೇಜಿನ ಮೇಲಿನ ಎರಡು ಯಂತ್ರಗಳಲ್ಲಿ ಅದು ಸರಿಯಾಗಿಯೇ ನಡೆಯುತ್ತದೆ. ದೊಡ್ಡ ನೆಟ್‌ವರ್ಕಿನಲ್ಲಿ ಓಡಿಸಿದ ದಿನ ಫೈಲ್ ಸರ್ವರ್ ಪೆಟ್ಟಿಗೆ ವಿಂಡೋಸ್ 7 ಆಗಿಬಿಡುತ್ತದೆ, ಫೈರ್‌ವಾಲ್ ಹಿಂದಿನ ಸರ್ವರ್‌ಗೆ ಫೈರ್‌ವಾಲ್‌ನ ಹೆಸರು ಅಂಟಿಕೊಳ್ಳುತ್ತದೆ.

ಇದು ಬರೀ ಹೆಸರಿನ ತಪ್ಪಲ್ಲ. ಸೆಕ್ಯುರಿಟಿ ಸ್ಕ್ಯಾನರ್ ಯಾವ ಪರೀಕ್ಷೆ ನಡೆಸಬೇಕು, ಯಾವುದನ್ನು ಬಿಡಬೇಕು ಅಂತ ನಿರ್ಧರಿಸುವುದು ಓಎಸ್ ನೋಡಿ. ಓಎಸ್ ತಪ್ಪಾದರೆ ನಿಜವಾದ ದೋಷವೊಂದು ವರದಿಗೆ ಬರದೇ ಹೋಗಬಹುದು. ವರದಿ ಓದುವವರು ಅದನ್ನು ನಂಬಿ ನಿಶ್ಚಿಂತರಾಗಿರುತ್ತಾರೆ. ಅದಕ್ಕೇ ಈ ಕೆಲಸವನ್ನು ಸರಿಯಾದ ಕ್ರಮದಲ್ಲಿ ಮಾಡಬೇಕು. ಪ್ಯಾಕೆಟ್ ಕಳಿಸುವುದು ಇಲ್ಲಿ ಐದನೇ ಹಂತ, ಮೊದಲನೆಯದಲ್ಲ.

## ಕೈಯಲ್ಲಿ ಏನಿರಬೇಕು

ಪ್ಯಾಕೆಟ್ ನೋಡಲು ವೈರ್‌ಶಾರ್ಕ್ ಅಥವಾ ಟಿಸಿಪಿಡಂಪ್. ಪ್ರೋಬ್, ಅಂದರೆ ಉತ್ತರ ನೋಡಲೆಂದೇ ಕಳಿಸುವ ಪ್ಯಾಕೆಟ್‌ಗಳ, ಪ್ರಯೋಗ ಮಾಡಲು ಪೈಥಾನ್‌ನ ಸ್ಕೇಪಿ. ಕೊನೆಯ ಕೋಡ್ ಬೇರೆ ಭಾಷೆಯಲ್ಲಿದ್ದರೂ ಪ್ರಯೋಗಕ್ಕೆ ಸ್ಕೇಪಿಯಷ್ಟು ಸುಲಭ ಇನ್ನೊಂದಿಲ್ಲ. ನಿಮ್ಮ ಫಲಿತಾಂಶದ ಪಕ್ಕದಲ್ಲಿಟ್ಟು ನೋಡಲು ಎನ್‌ಮ್ಯಾಪ್ ಅನ್ನುವ ಹೆಸರಾಂತ ಸ್ಕ್ಯಾನರ್. ವರ್ಚುಯಲ್ ಯಂತ್ರಗಳನ್ನು ಓಡಿಸಲು ವರ್ಚುಯಲ್‌ಬಾಕ್ಸ್ ಅಥವಾ ಕೆವಿಎಂ. ಲಿನಕ್ಸ್ ಯಂತ್ರದಲ್ಲೇ ಕೆಲಸ ಮಾಡಿ. ವಿಂಡೋಸ್ ಎಕ್ಸ್‌ಪಿ ಸರ್ವಿಸ್ ಪ್ಯಾಕ್ 2ರಿಂದ ಈಚೆಗೆ ಮಾಮೂಲಿ ವಿಂಡೋಸ್‌ನಲ್ಲಿ ರಾ ಸಾಕೆಟ್ ಮೂಲಕ ಟಿಸಿಪಿ ಡೇಟಾ ಕಳಿಸಲು ಬಿಡುವುದಿಲ್ಲ. ಅಲ್ಲಿ ಎನ್‌ಪಿಕ್ಯಾಪ್ ಅನ್ನುವ ಪ್ಯಾಕೆಟ್ ಡ್ರೈವರ್ ಬೇಕು, ಅದನ್ನು ಆಮೇಲೆ ಸೇರಿಸಿದರಾಯಿತು.

ಇನ್ನೊಂದು, ಸ್ಕ್ಯಾನ್ ಮಾಡುವ ನೆಟ್‌ವರ್ಕಿನ ಮಾಲೀಕರಿಂದ ಬರಹದಲ್ಲಿ ಅನುಮತಿ. ಮುಂದೆ ಹೇಳುವ ಕೆಲವು ಪ್ಯಾಕೆಟ್‌ಗಳು ಸಾಮಾನ್ಯ ಸಂಚಾರದಲ್ಲಿ ಎಂದೂ ಕಾಣದಂಥವು. ಹಳೆಯ ಪ್ರಿಂಟರ್, ಕಾರ್ಖಾನೆಯ ಕಂಟ್ರೋಲರ್‌ಗಳಂಥ ಸೂಕ್ಷ್ಮ ಸಾಧನಗಳು ಅವುಗಳಿಂದ ನಿಂತೇ ಹೋಗಬಹುದು.

## ಹಂತ 1: ಎಷ್ಟು ಆಳಕ್ಕೆ ಉತ್ತರ ಬೇಕು ಅಂತ ಮೊದಲೇ ಬರೆದಿಡಿ

"ಓಎಸ್ ಯಾವುದು" ಅನ್ನುವ ಪ್ರಶ್ನೆಗೆ ನಾಲ್ಕು ಆಳಗಳಿವೆ. ಕುಟುಂಬ: ಲಿನಕ್ಸ್, ವಿಂಡೋಸ್, ಫ್ರೀಬಿಎಸ್‌ಡಿ. ಉತ್ಪನ್ನ: ಉಬುಂಟು, ವಿಂಡೋಸ್ ಸರ್ವರ್. ಆವೃತ್ತಿ: 22.04, 2019. ಕೊನೆಗೆ ಕರ್ನೆಲ್ ಅಥವಾ ಬಿಲ್ಡ್ ಸಂಖ್ಯೆ.

ಟಿಸಿಪಿ ಪ್ಯಾಕೆಟ್‌ಗಳಿಂದ ಹೆಚ್ಚೆಂದರೆ ಕುಟುಂಬ ಮತ್ತು ಕರ್ನೆಲ್‌ನ ಅಂದಾಜು ಅವಧಿ ಸಿಗುತ್ತದೆ. ಉಬುಂಟುವೋ ಡೆಬಿಯನ್ನೋ ಅಂತ ಟಿಸಿಪಿ ಹೇಳುವುದಿಲ್ಲ. ಎರಡರಲ್ಲೂ ಇರುವುದು ಅದೇ ಲಿನಕ್ಸ್ ಕರ್ನೆಲ್ ತಾನೇ? ಬಳಕೆಯ ಅವಧಿ ಮುಗಿದಿದೆಯೇ ಅಂತ ಹೇಳಬೇಕಾದರೆ ಮಾತ್ರ ಆವೃತ್ತಿಯವರೆಗೆ ಹೋಗಲೇಬೇಕು. ಉದಾಹರಣೆಗೆ ವಿಂಡೋಸ್ ಸರ್ವರ್ 2012 ಆರ್2ಗೆ ಮಾಮೂಲಿ ಬೆಂಬಲ ನಿಂತಿದ್ದು 2023ರ ಅಕ್ಟೋಬರ್ 10ಕ್ಕೆ, ಸೆಂಟ್ಓಎಸ್ 7ಕ್ಕೆ 2024ರ ಜೂನ್ 30ಕ್ಕೆ. "ವಿಂಡೋಸ್" ಅಂತಷ್ಟೇ ಗೊತ್ತಿದ್ದರೆ ಇಂಥ ಎಚ್ಚರಿಕೆ ಕೊಡಲು ಆಗುವುದಿಲ್ಲ.

ಈ ನಾಲ್ಕನ್ನೂ ಡೇಟಾ ರಚನೆಯಲ್ಲಿ ಬೇರೆ ಬೇರೆ ಜಾಗದಲ್ಲಿ ಇಡಿ. ಒಂದೇ ಸ್ಟ್ರಿಂಗ್‌ಗೆ ಎಲ್ಲವನ್ನೂ ತುರುಕಿದರೆ ಆಮೇಲೆ "ಕುಟುಂಬ ಗೊತ್ತು, ಆವೃತ್ತಿ ಗೊತ್ತಿಲ್ಲ" ಅಂತ ಹೇಳಲು ಜಾಗವೇ ಇರುವುದಿಲ್ಲ. ಹೆಸರುಗಳಿಗೆ ಸಿಪಿಇ (ತಂತ್ರಾಂಶ, ಸಾಧನಗಳಿಗೆ ಹೆಸರಿಡುವ ಪ್ರಮಾಣಿತ ಪದ್ಧತಿ) ಬಳಸಿ. ದೋಷಗಳ ಪಟ್ಟಿಗಳು ಅದೇ ಹೆಸರುಗಳಲ್ಲಿ ಇರುವುದರಿಂದ ಮುಂದೆ ಜೋಡಿಸುವುದು ಸುಲಭ.

## ಹಂತ 2: ಪರೀಕ್ಷೆಯ ನೆಟ್‌ವರ್ಕ್ ಕಟ್ಟಿ

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು. ಇಲ್ಲಿ ಎರಡು ದೊಡ್ಡ ಗುಂಡಿಗಳಿವೆ, ಎರಡರಲ್ಲೂ ಬಿದ್ದವರು ಜಾಸ್ತಿ.

ಮೊದಲನೆಯದು ಕಂಟೇನರ್. ಡೆಬಿಯನ್, ಅಲ್ಪೈನ್, ಫೆಡೋರಾ ಅಂತ ಮೂರು ಡಾಕರ್ ಕಂಟೇನರ್ ಎಬ್ಬಿಸಿ, ಮೂರರ ಫಿಂಗರ್‌ಪ್ರಿಂಟ್ (ಉತ್ತರಗಳಲ್ಲಿ ಕಾಣುವ ಲಕ್ಷಣಗಳ ಗುಚ್ಛ) ತೆಗೆದು ಡೇಟಾಬೇಸ್‌ಗೆ ಸೇರಿಸುವವರಿದ್ದಾರೆ. ಮೂರಕ್ಕೂ ಒಂದೇ ಕರ್ನೆಲ್, ಅದು ನಿಮ್ಮ ಯಂತ್ರದ್ದೇ. ನೀವು ನಿಮ್ಮನ್ನೇ ಮೂರು ಸಲ ಅಳೆದಿದ್ದೀರಿ ಅಷ್ಟೇ. ಟಿಸಿಪಿ ಮಟ್ಟದ ಪರೀಕ್ಷೆಗೆ ಪೂರ್ತಿ ವರ್ಚುಯಲ್ ಯಂತ್ರವೇ ಬೇಕು.

ಎರಡನೆಯದು ಎನ್‌ಎಟಿ, ಅಂದರೆ ಒಳಗಿನ ಯಂತ್ರ ಹೊರಗಿನದ್ದರ ವಿಳಾಸದಲ್ಲೇ ಮಾತಾಡುವ ವ್ಯವಸ್ಥೆ. ವರ್ಚುಯಲ್‌ಬಾಕ್ಸ್‌ನ ಎನ್‌ಎಟಿ ಮೋಡ್‌ನಲ್ಲೂ ಕ್ಯೂಇಎಂಯುವಿನ ಯೂಸರ್ ಮೋಡ್ ನೆಟ್‌ವರ್ಕಿಂಗ್‌ನಲ್ಲೂ ನಿಮ್ಮ ಟಿಸಿಪಿ ಕನೆಕ್ಷನ್ ಗೆಸ್ಟ್ ಯಂತ್ರದವರೆಗೆ (ಒಳಗಿನ ವರ್ಚುಯಲ್ ಯಂತ್ರ) ಹೋಗುವುದಿಲ್ಲ. ನಡುವೆ ಹೋಸ್ಟ್‌ನಲ್ಲೇ (ಅದನ್ನು ಓಡಿಸುವ ಯಂತ್ರ) ಮುಗಿದು, ಅಲ್ಲಿಂದ ಇನ್ನೊಂದು ಶುರುವಾಗುತ್ತದೆ. ಒಳಗೆ ವಿಂಡೋಸ್ ಇದ್ದರೂ ಹೊರಗೆ ಕಾಣುವುದು ಹೋಸ್ಟ್‌ನ ಗುಣ. ಬ್ರಿಡ್ಜ್ ಅಥವಾ ಹೋಸ್ಟ್-ಓನ್ಲಿ ಜಾಲ ಬಳಸಿ.

ಶುರುವಿಗೆ ಐದು ಯಂತ್ರ ಸಾಕು: ಒಂದು ಹಳೆಯ ಲಿನಕ್ಸ್, ಒಂದು ಹೊಸ ಲಿನಕ್ಸ್, ಒಂದು ವಿಂಡೋಸ್ ಸರ್ವರ್, ಒಂದು ಫ್ರೀಬಿಎಸ್‌ಡಿ, ಮತ್ತು ಸಾಂಬಾ (ವಿಂಡೋಸ್ ಥರ ಫೈಲ್ ಹಂಚುವ ತಂತ್ರಾಂಶ) ಓಡುವ ಒಂದು ಲಿನಕ್ಸ್. ಸಾಂಬಾ ಏಕೆ ಅನ್ನುವುದು ನಾಲ್ಕನೇ ಹಂತದಲ್ಲಿ ಗೊತ್ತಾಗುತ್ತದೆ. ಪ್ರತಿಯೊಂದರಲ್ಲೂ ಒಂದು ತೆರೆದ ಪೋರ್ಟ್, ಒಂದು ಮುಚ್ಚಿದ ಪೋರ್ಟ್ ಇರುವ ಹಾಗೆ ನೋಡಿಕೊಳ್ಳಿ. ನಂತರ ನಡುವೆ ಒಂದು ರೂಟರ್ ಯಂತ್ರ ಇಟ್ಟು, ಲಿನಕ್ಸ್‌ನ ನೆಟ್‌ಎಮ್ ಸೌಲಭ್ಯದಿಂದ ತಡ ಮತ್ತು ಪ್ಯಾಕೆಟ್ ನಷ್ಟ ಹಾಕಿ ನೋಡಿ. ತಡವೇ ಇಲ್ಲದ ಜಾಲದಲ್ಲಿ ಪಾಸಾದ ಕೋಡ್‌ನ ಮೇಲೆ ಭರವಸೆ ಇಡಬೇಡಿ.

## ಹಂತ 3: ಸುಳಿವು ಬೇರೆ, ತೀರ್ಮಾನ ಬೇರೆ

ಇಡೀ ಕೆಲಸದಲ್ಲಿ ಒಂದೇ ಒಂದು ಮಾತು ನೆನಪಿಡಿ ಅಂದರೆ ನಾನು ಹೇಳುವುದು ಇದನ್ನೇ. ಪ್ರೋಬ್ ಕಳಿಸುವ ಕೋಡ್ ಎಂದಿಗೂ "ಇದು ವಿಂಡೋಸ್" ಅಂತ ಹೇಳಬಾರದು. ಅದು ಸುಳಿವು ಮಾತ್ರ ದಾಖಲಿಸಬೇಕು. ತೀರ್ಮಾನ ಬೇರೆ ಕೋಡ್‌ನ ಕೆಲಸ, ಎಲ್ಲ ಸುಳಿವು ಬಂದ ಮೇಲೆ.

ಒಂದು ಸುಳಿವಿನ ದಾಖಲೆಯಲ್ಲಿ ಇಷ್ಟಿರಲಿ: ಯಾವ ವಿಧಾನದಿಂದ ಬಂತು, ಯಾವ ಪೋರ್ಟ್, ಯಾವ ಹೊತ್ತು, ಬಂದ ಬೈಟ್‌ಗಳು ಇದ್ದ ಹಾಗೇ, ಅದರಿಂದ ನೀವು ಓದಿದ್ದು ಏನು, ಅದು ಯಾವ ಆಳದವರೆಗೆ ಮಾತಾಡುತ್ತದೆ. ಮೂಲ ಬೈಟ್‌ಗಳನ್ನು ಎಸೆಯಬೇಡಿ. ಆರು ತಿಂಗಳ ನಂತರ ಯಾರೋ "ನಮ್ಮ ಸ್ವಿಚ್ ಅನ್ನು ವಿಂಡೋಸ್ ಅಂತ ತೋರಿಸಿದೆ" ಅಂತ ದೂರು ಕೊಟ್ಟಾಗ, ಬೈಟ್‌ಗಳಿದ್ದರೆ ಹತ್ತು ನಿಮಿಷದ ಕೆಲಸ. ಇಲ್ಲದಿದ್ದರೆ ಆ ಸಾಧನ ಹುಡುಕಿಕೊಂಡು ಹೋಗಬೇಕು.

ಪೋರ್ಟ್ ಸಂಖ್ಯೆ ಏಕೆ ಮುಖ್ಯ? ಒಂದೇ ಐಪಿಯ ಹಿಂದೆ ಹಲವು ಯಂತ್ರಗಳಿರಬಹುದು. ಪೋರ್ಟ್ 22 ರೂಟರ್‌ನದ್ದು, 443 ಒಳಗಿನ ಸರ್ವರ್‌ನದ್ದು, 3389 ಇನ್ನೊಂದರದ್ದು. ಸುಳಿವುಗಳನ್ನು ಐಪಿಗೆ ಮಾತ್ರ ಕಟ್ಟಿದರೆ ಈ ಮೂರೂ ಕಲಸಿಹೋಗುತ್ತವೆ.

## ಹಂತ 4: ಸುಲಭದ ಸುಳಿವುಗಳನ್ನು ಮೊದಲು ಎತ್ತಿಕೊಳ್ಳಿ

ಸ್ಕ್ಯಾನರ್ ಹೇಗೂ ಪೋರ್ಟ್‌ಗಳಿಗೆ ಕನೆಕ್ಟ್ ಆಗುತ್ತದೆ. ಆಗಲೇ ಸಿಗುವ ಮಾಹಿತಿಗೆ ಹೆಚ್ಚುವರಿ ಅಧಿಕಾರ ಬೇಡ, ರಾ ಸಾಕೆಟ್ ಬೇಡ. ನಿಖರತೆಯೂ ಹೆಚ್ಚು. ಆದರೂ ಜನ ಇದನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ.

ಎಸ್‌ಎಸ್‌ಎಚ್ ಬ್ಯಾನರ್. ದೂರದಿಂದ ಲಾಗಿನ್ ಆಗುವ ಈ ಸೇವೆಗೆ ಕನೆಕ್ಟ್ ಆದ ತಕ್ಷಣ ಸರ್ವರ್ ತನ್ನ ಗುರುತಿನ ಸಾಲು, ಅಂದರೆ ಬ್ಯಾನರ್, ಕಳಿಸುತ್ತದೆ. ಉಬುಂಟು ಮತ್ತು ಡೆಬಿಯನ್ ತಮ್ಮ ಹೆಸರನ್ನು ಅದರಲ್ಲೇ ಸೇರಿಸುತ್ತವೆ. ಓಪನ್‌ಎಸ್‌ಎಸ್‌ಎಚ್ 8.9ಪಿ1 ಜೊತೆಗೆ ಉಬುಂಟು ಅಂತ ಇದ್ದರೆ 22.04, 8.2ಪಿ1 ಇದ್ದರೆ 20.04. ಡೆಬಿಯನ್ ಜೊತೆಗೆ 9.2ಪಿ1 ಇದ್ದರೆ ಡೆಬಿಯನ್ 12, 8.4ಪಿ1 ಇದ್ದರೆ 11. ರೆಡ್‌ಹ್ಯಾಟ್ ಕುಟುಂಬದಲ್ಲಿ ಡಿಸ್ಟ್ರೋ (ಲಿನಕ್ಸ್ ವಿತರಣೆ) ಹೆಸರು ಬರುವುದಿಲ್ಲ, ಬರೀ ಸಂಖ್ಯೆ. ಅಂಥ ಕಡೆ ಊಹೆಗೆ ಹೋಗಬೇಡಿ. ಕೆಲವು ಸರ್ವರ್‌ಗಳು ಗುರುತಿನ ಸಾಲಿಗೆ ಮೊದಲು ಬೇರೆ ಸಾಲು ಕಳಿಸಬಹುದು, ನಿಯಮದಲ್ಲೇ ಅದಕ್ಕೆ ಅವಕಾಶವಿದೆ. ಮೊದಲ ಸಾಲನ್ನೇ ಬ್ಯಾನರ್ ಅಂದುಕೊಳ್ಳುವ ಕೋಡ್ ಅಲ್ಲಿ ಸೋಲುತ್ತದೆ.

ಎನ್‌ಟಿಎಲ್‌ಎಂ ಚಾಲೆಂಜ್. ಎನ್‌ಟಿಎಲ್‌ಎಂ ಅಂದರೆ ವಿಂಡೋಸ್‌ನ ಒಂದು ಲಾಗಿನ್ ವಿಧಾನ. ವಿಂಡೋಸ್‌ಗೆ ಇದರಷ್ಟು ಒಳ್ಳೆಯ ಸುಳಿವು ಇನ್ನೊಂದಿಲ್ಲ. ಎಸ್‌ಎಂಬಿ (ಫೈಲ್ ಹಂಚಿಕೆ) ಅಥವಾ ಆರ್‌ಡಿಪಿಯಲ್ಲಿ (ದೂರದ ಡೆಸ್ಕ್‌ಟಾಪ್) ಲಾಗಿನ್ ಶುರು ಮಾಡಿದರೆ ಸಾಕು, ಪಾಸ್‌ವರ್ಡ್ ಕೊಡುವ ಮೊದಲೇ ಸರ್ವರ್ ಒಂದು ಚಾಲೆಂಜ್ ಕಳಿಸುತ್ತದೆ. ಸೊನ್ನೆಯಿಂದ ಎಣಿಸಿದರೆ ಅದರ 48ನೇ ಬೈಟ್‌ನಿಂದ 8 ಬೈಟ್‌ಗಳಲ್ಲಿ ಆವೃತ್ತಿ ಇರುತ್ತದೆ: ಒಂದು ಬೈಟ್ ಮುಖ್ಯ ಸಂಖ್ಯೆ, ಒಂದು ಬೈಟ್ ಉಪಸಂಖ್ಯೆ, ನಂತರದ ಎರಡು ಬೈಟ್ ಬಿಲ್ಡ್, ಅದೂ ಲಿಟಲ್ ಎಂಡಿಯನ್ (ಕೆಳಗಿನ ಬೈಟ್ ಮೊದಲು). ಆವೃತ್ತಿ ಇದೆ ಅನ್ನುವ ಫ್ಲ್ಯಾಗ್ ಹಚ್ಚಿದೆಯೇ ಅಂತ ಮೊದಲು ನೋಡಿ. ಇಲ್ಲದಿದ್ದರೆ ಆ ಜಾಗದಲ್ಲಿರುವ ಬೈಟ್‌ಗಳಿಗೆ ಅರ್ಥವಿಲ್ಲ.

ಇಲ್ಲಿ ಮೂರು ತಪ್ಪು ಪದೇ ಪದೇ ಆಗುತ್ತವೆ. 10.0 ಅಂತ ಬಂದರೆ ವಿಂಡೋಸ್ 10 ಅನ್ನುವುದು ಒಂದು. ವಿಂಡೋಸ್ 11 ಕೂಡ 10.0 ಅಂತಲೇ ಹೇಳುತ್ತದೆ, ಬಿಲ್ಡ್ ಮಾತ್ರ 22000ದಿಂದ ಶುರು. ಬಿಲ್ಡ್‌ನಿಂದಲೇ ಸರ್ವರ್ ಯಾವುದು, ಮೇಜಿನ ಯಂತ್ರ ಯಾವುದು ಅಂತ ಬೇರೆ ಮಾಡಬಹುದು ಅನ್ನುವುದು ಎರಡನೆಯದು. 17763 ಅನ್ನುವುದು ಸರ್ವರ್ 2019ಕ್ಕೂ ವಿಂಡೋಸ್ 10ರ 1809 ಆವೃತ್ತಿಗೂ ಒಂದೇ. 14393 ಅನ್ನುವುದು ಸರ್ವರ್ 2016ಕ್ಕೂ 1607ಕ್ಕೂ ಒಂದೇ. ಎರಡೂ ಹೆಸರನ್ನು ಅಭ್ಯರ್ಥಿಗಳಾಗಿ ಇಟ್ಟುಕೊಳ್ಳಿ. ಮೂರನೆಯದು ಸಾಂಬಾ. ಅದು 6.1, ಬಿಲ್ಡ್ 0 ಅಂತ ಉತ್ತರಿಸುತ್ತದೆ. 6.1 ಅಂದರೆ ವಿಂಡೋಸ್ 7 ಅಂತ ಬರೆದಿದ್ದರೆ ನಿಮ್ಮ ಸ್ಕ್ಯಾನರ್ ಎಲ್ಲ ಸಾಂಬಾ ಸರ್ವರ್‌ಗಳನ್ನೂ ವಿಂಡೋಸ್ 7 ಅನ್ನುತ್ತದೆ. ನಿಜವಾದ ವಿಂಡೋಸ್ 7ರಲ್ಲಿ ಬಿಲ್ಡ್ ಸೊನ್ನೆ ಇರುವುದಿಲ್ಲ. ಸರ್ವಿಸ್ ಪ್ಯಾಕ್ 1 ಹಾಕಿದ್ದರೆ 7601. ಬಿಲ್ಡ್ 0 ಕಂಡ ತಕ್ಷಣ ವಿಂಡೋಸ್ ಅನ್ನುವ ಸುಳಿವನ್ನೇ ಬಿಟ್ಟುಬಿಡಿ.

ಎಚ್‌ಟಿಟಿಪಿ. ಮೈಕ್ರೋಸಾಫ್ಟ್‌ನ ವೆಬ್ ಸರ್ವರ್ ಐಐಎಸ್ 8.5 ಅಂದರೆ ಸರ್ವರ್ 2012 ಆರ್2ರ ಕಾಲದ್ದು, 10.0 ಅಂದರೆ 2016 ಅಥವಾ ಅದರ ಮೇಲಿನದ್ದು. ಅಪಾಚೆ ತನ್ನ ಹೆಡರ್‌ನಲ್ಲಿ ಡಿಸ್ಟ್ರೋ ಹೆಸರು ಹೇಳಬಹುದು. ಆದರೆ ಅದು ಕಂಟೇನರ್ ಒಳಗಿನ ಡೆಬಿಯನ್ ಇರಬಹುದು, ಹೊರಗಿನ ಹೋಸ್ಟ್ ಬೇರೆಯೇ ಇರಬಹುದು. ಹಾಗಾಗಿ ಎಚ್‌ಟಿಟಿಪಿಗೆ ಎಸ್‌ಎಸ್‌ಎಚ್‌ಗಿಂತ ಕಡಿಮೆ ತೂಕ ಕೊಡಿ.

ಎಸ್‌ಎನ್‌ಎಂಪಿ. ನೆಟ್‌ವರ್ಕ್ ಸಾಧನಗಳ ಮೇಲೆ ನಿಗಾ ಇಡುವ ಈ ಪದ್ಧತಿಯಲ್ಲಿ ಸಿಸ್‌ಡೆಸ್ಕರ್ (sysDescr), ಅಂದರೆ ಸಾಧನ ತನ್ನ ಬಗ್ಗೆ ಹೇಳುವ ವಿವರಣೆ, ಸಂಖ್ಯೆ 1.3.6.1.2.1.1.1.0, ಓದಲು ಅನುಮತಿ ಇದ್ದರೆ ರೂಟರ್, ಸ್ವಿಚ್, ಪ್ರಿಂಟರ್‌ಗಳ ವಿಷಯದಲ್ಲಿ ಉಳಿದೆಲ್ಲಕ್ಕಿಂತ ಇದೇ ಮೇಲು.

ಪ್ರಿಂಟರ್ ಅಂದ ಮೇಲೆ ಒಂದು ಎಚ್ಚರಿಕೆ. ಪೋರ್ಟ್ 9100ಕ್ಕೆ ಬ್ಯಾನರ್ ಕೇಳಲು ಏನೇ ಕಳಿಸಿದರೂ ಪ್ರಿಂಟರ್ ಅದನ್ನು ಕಾಗದದ ಮೇಲೆ ಅಚ್ಚು ಹಾಕುತ್ತದೆ. ಎನ್‌ಮ್ಯಾಪ್ ತನ್ನ ಆವೃತ್ತಿ ಪತ್ತೆಯಲ್ಲಿ 9100ರಿಂದ 9107ರವರೆಗಿನ ಪೋರ್ಟ್‌ಗಳನ್ನು ತಾನಾಗಿಯೇ ಬಿಟ್ಟುಬಿಡುವುದು ಇದಕ್ಕೇ. ನೀವೂ ಬಿಡಿ.

## ಹಂತ 5: ಈಗ ಪ್ಯಾಕೆಟ್ ಕಳಿಸಿ

ಬ್ಯಾನರ್ ಸಿಗದ ಕಡೆ, ಅಥವಾ ಬ್ಯಾನರ್ ಹೇಳಿದ್ದು ನಿಜವೇ ಅಂತ ತಾಳೆ ನೋಡಲು ಟಿಸಿಪಿ ಪ್ರೋಬ್ ಬೇಕು. ಮೊದಲು ಅಧಿಕಾರದ ವಿಷಯ. ಇಡೀ ಸ್ಕ್ಯಾನರ್ ಅನ್ನು ರೂಟ್ ಆಗಿ ಓಡಿಸಬೇಡಿ. ಪ್ಯಾಕೆಟ್ ಕಳಿಸುವ, ಹಿಡಿಯುವ ಕೆಲಸಕ್ಕೆ ಒಂದು ಚಿಕ್ಕ ಪ್ರೋಗ್ರಾಂ ಬೇರೆ ಮಾಡಿ, ಅದಕ್ಕೆ ಮಾತ್ರ ಕ್ಯಾಪ್-ನೆಟ್-ರಾ (ರೂಟ್ ಆಗದೆಯೇ ರಾ ಸಾಕೆಟ್ ಬಳಸಲು ಬಿಡುವ) ಅಧಿಕಾರ ಕೊಡಿ. ಪೈಥಾನ್ ಇಂಟರ್‌ಪ್ರಿಟರ್‌ಗೇ ಈ ಅಧಿಕಾರ ಕೊಟ್ಟರೆ ಆ ಯಂತ್ರದ ಪ್ರತಿಯೊಂದು ಪೈಥಾನ್ ಸ್ಕ್ರಿಪ್ಟ್‌ಗೂ ಅದು ಸಿಕ್ಕಿದ ಹಾಗೆ.

ಮೊದಲ ಪ್ರೋಬ್ ತೆರೆದ ಪೋರ್ಟ್‌ಗೆ ಒಂದು ಸಿನ್, ಅಂದರೆ ಕನೆಕ್ಷನ್ ಕೇಳುವ ಪ್ಯಾಕೆಟ್. ಇದರಲ್ಲಿ ಎಲ್ಲ ಆಪ್ಷನ್‌ಗಳನ್ನೂ ಇಡಿ: ಎಂಎಸ್‌ಎಸ್ (ಒಂದು ಪ್ಯಾಕೆಟ್‌ನಲ್ಲಿ ಹಿಡಿಸುವ ಗರಿಷ್ಠ ಡೇಟಾ), ವಿಂಡೋ ಸ್ಕೇಲ್ (ವಿಂಡೋ, ಅಂದರೆ ಒಮ್ಮೆಗೆ ಸ್ವೀಕರಿಸಬಲ್ಲ ಡೇಟಾ, ಎಷ್ಟು ಪಟ್ಟು ಅನ್ನುವುದು), ಸ್ಯಾಕ್ (ಬಿಟ್ಟುಹೋದ ತುಣುಕನ್ನಷ್ಟೇ ಮತ್ತೆ ಕಳಿಸಲು ನೆರವಾಗುವ ಸೌಲಭ್ಯ), ಟೈಮ್‌ಸ್ಟ್ಯಾಂಪ್. ಎಂಎಸ್‌ಎಸ್ ಬಿಟ್ಟರೆ, ನೀವು ಕೇಳದ ಆಪ್ಷನ್ ಅನ್ನು ಎದುರಿನವರು ಸಿನ್-ಆಕ್‌ನಲ್ಲಿ (ಸಿನ್‌ಗೆ ಬರುವ ಒಪ್ಪಿಗೆಯ ಉತ್ತರ) ಕೊಡುವುದಿಲ್ಲ. ಬೋಳು ಸಿನ್ ಕಳಿಸಿ "ಎಲ್ಲ ಓಎಸ್‌ಗಳೂ ಒಂದೇ ಥರ ಉತ್ತರಿಸುತ್ತಿವೆ" ಅನ್ನುವವರು ಮಾಡಿದ ತಪ್ಪು ಇದೇ.

ಎಲ್ಲವನ್ನೂ ಕೇಳಿದಾಗ ಲಿನಕ್ಸ್ ಕೊಡುವ ಕ್ರಮ: ಎಂಎಸ್‌ಎಸ್, ಸ್ಯಾಕ್, ಟೈಮ್‌ಸ್ಟ್ಯಾಂಪ್, ನಾಪ್ (ಜಾಗ ತುಂಬುವ ಬೈಟ್), ವಿಂಡೋ ಸ್ಕೇಲ್. ವಿಂಡೋಸ್‌ನದ್ದು: ಎಂಎಸ್‌ಎಸ್, ನಾಪ್, ವಿಂಡೋ ಸ್ಕೇಲ್, ಸ್ಯಾಕ್, ಟೈಮ್‌ಸ್ಟ್ಯಾಂಪ್. ಫ್ರೀಬಿಎಸ್‌ಡಿಯದ್ದೂ ಅದೇ ಕ್ರಮ! ಅಲ್ಲಿ ಬೇರೆ ಮಾಡುವುದು ಟಿಟಿಎಲ್ ಮತ್ತು ಸ್ಕೇಲ್‌ನ ಬೆಲೆ. ಒಂದೇ ಲಕ್ಷಣವನ್ನು ನೆಚ್ಚಿಕೊಂಡರೆ ಏನಾಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಉದಾಹರಣೆ ಬೇಡ.

ವಿಂಡೋ ಗಾತ್ರವನ್ನು ಬರೀ ಸಂಖ್ಯೆಯಾಗಿ ಹೋಲಿಸಬೇಡಿ. ಹೊಸ ಲಿನಕ್ಸ್‌ನಲ್ಲಿ ಟೈಮ್‌ಸ್ಟ್ಯಾಂಪ್ ಇದ್ದಾಗ ಬರುವ 65160 ಅನ್ನುವುದು 1448ರ 45 ಪಟ್ಟು. ಸ್ವಲ್ಪ ಹಳೆಯದರ 28960 ಅದರ 20 ಪಟ್ಟು. ಮಾಮೂಲಿ ಎಂಎಸ್‌ಎಸ್ ಆದ 1460ರಿಂದ ಟೈಮ್‌ಸ್ಟ್ಯಾಂಪ್‌ನ 12 ಬೈಟ್ ಕಳೆದರೆ 1448. ನಡುವೆ ಪಿಪಿಪಿಓಇ (ಕೆಲವು ಬ್ರಾಡ್‌ಬ್ಯಾಂಡ್‌ಗಳ ಸಂಪರ್ಕ ವಿಧಾನ) ಅಥವಾ ವಿಪಿಎನ್ ಇದ್ದು ಎಂಎಸ್‌ಎಸ್ ಕಡಿಮೆಯಾಗಿದ್ದರೆ ಈ ಸಂಖ್ಯೆಗಳೂ ಬದಲಾಗಬಹುದು. ಹಾಗಾಗಿ ಎಂಎಸ್‌ಎಸ್‌ನ ಎಷ್ಟು ಪಟ್ಟು ಅನ್ನುವುದನ್ನೂ ದಾಖಲಿಸಿ.

ಟಿಟಿಎಲ್ ಓದುವಾಗ ಬಂದ ಸಂಖ್ಯೆಯನ್ನು 32, 64, 128, 255ರಲ್ಲಿ ಮೇಲಿನ ಹತ್ತಿರದ್ದಕ್ಕೆ ಏರಿಸುವುದು ರೂಢಿ. ನಡುವಿನ ರೂಟರ್‌ಗಳ ಸಂಖ್ಯೆಯನ್ನು ಬೇರೆ ದಾರಿಯಲ್ಲಿ ತಿಳಿದುಕೊಂಡರೆ ಇದು ಗಟ್ಟಿಯಾಗುತ್ತದೆ. ಮುಚ್ಚಿದ ಯುಡಿಪಿ ಪೋರ್ಟ್‌ಗೆ ಕಳಿಸಿದಾಗ ಬರುವ ಐಸಿಎಂಪಿ (ನೆಟ್‌ವರ್ಕಿನ ದೋಷ, ತಪಾಸಣೆ ಸಂದೇಶಗಳ ಪದ್ಧತಿ) ದೋಷದೊಳಗೆ ನೀವು ಕಳಿಸಿದ ಪ್ಯಾಕೆಟ್‌ನ ಹೆಡರ್ ಇರುತ್ತದೆ. ಅದರಲ್ಲಿ ನಿಮ್ಮ ಟಿಟಿಎಲ್ ಎಷ್ಟು ಕಡಿಮೆಯಾಗಿದೆ ಅಂತ ನೋಡಿದರೆ ದೂರ ಸಿಗುತ್ತದೆ. ಉತ್ತರ ಬರದಿದ್ದರೆ ಕೂಡಲೇ ಏನನ್ನೂ ತೀರ್ಮಾನಿಸಬೇಡಿ. ಲಿನಕ್ಸ್ ಇಂಥ ದೋಷ ಸಂದೇಶಗಳ ವೇಗಕ್ಕೆ ಮಿತಿ ಇಡುತ್ತದೆ. ಫೈರ್‌ವಾಲ್ ಕೂಡ ತಡೆದಿರಬಹುದು.

ಐಸಿಎಂಪಿ ಎಕೋದಲ್ಲಿ (ಪಿಂಗ್) ಒಂದು ಚಿಕ್ಕ ಆದರೆ ಉಪಯುಕ್ತ ಪರೀಕ್ಷೆ ಇದೆ. ಕೋಡ್ ಜಾಗದಲ್ಲಿ ಸೊನ್ನೆಯಲ್ಲದ ಸಂಖ್ಯೆ ಇಟ್ಟು ಕಳಿಸಿ. ಲಿನಕ್ಸ್ ಅದೇ ಸಂಖ್ಯೆಯನ್ನು ಹಿಂದಿರುಗಿಸುತ್ತದೆ, ವಿಂಡೋಸ್ ಸೊನ್ನೆ ಮಾಡಿ ಕಳಿಸುತ್ತದೆ. ಒಂದೇ ಪ್ಯಾಕೆಟ್, ಯಾರಿಗೂ ತೊಂದರೆ ಇಲ್ಲ.

ಎನ್‌ಮ್ಯಾಪ್ ಒಟ್ಟು 16ರವರೆಗೆ ಪ್ರೋಬ್ ಕಳಿಸುತ್ತದೆ. ಅದರಲ್ಲಿ ಆರು ಸಿನ್‌ಗಳನ್ನು 100 ಮಿಲಿಸೆಕೆಂಡ್ ಅಂತರದಲ್ಲಿ ಕಳಿಸಿ, ಶುರುವಿನ ಸೀಕ್ವೆನ್ಸ್ ಸಂಖ್ಯೆ ಮತ್ತು ಟೈಮ್‌ಸ್ಟ್ಯಾಂಪ್ ಹೇಗೆ ಬೆಳೆಯುತ್ತವೆ ಅಂತ ಅಳೆಯುತ್ತದೆ. ನಿಮಗೆ ಮೊದಲ ಆವೃತ್ತಿಯಲ್ಲೇ ಅಷ್ಟೆಲ್ಲ ಬೇಡ. ತೆರೆದ ಪೋರ್ಟ್‌ಗೆ ಸಿನ್, ಮುಚ್ಚಿದ ಪೋರ್ಟ್‌ಗೆ ಸಿನ್, ಎಕೋ, ಯುಡಿಪಿ: ಈ ನಾಲ್ಕರಿಂದ ಶುರು ಮಾಡಿ. ಫ್ಲ್ಯಾಗ್ ಇಲ್ಲದ, ಅಥವಾ ವಿಚಿತ್ರ ಫ್ಲ್ಯಾಗ್‌ಗಳಿರುವ ಪ್ಯಾಕೆಟ್‌ಗಳನ್ನು ಬಳಕೆದಾರರು ಕೇಳಿದರೆ ಮಾತ್ರ ಕಳಿಸುವ ಹಾಗೆ ಇಡಿ.

ಕಳಿಸುವಾಗ ಕಾಡುವ ಎರಡು ಸಂಗತಿ. ಲಿನಕ್ಸ್‌ನಲ್ಲಿ ಐಪಿ ಹೆಡರ್ ಅನ್ನು ನೀವೇ ಬರೆದರೂ ಕರ್ನೆಲ್ ಕೆಲವು ಜಾಗಗಳನ್ನು ತಾನೇ ತುಂಬುತ್ತದೆ. ಚೆಕ್‌ಸಮ್ ಮತ್ತು ಒಟ್ಟು ಉದ್ದ ಯಾವಾಗಲೂ ಅದರದ್ದೇ. ಐಪಿ ಐಡಿ ಸೊನ್ನೆ ಇಟ್ಟರೆ ಅದನ್ನೂ ಬದಲಿಸುತ್ತದೆ. ಹೋದದ್ದು ಏನು ಅಂತ ಎದುರಿನ ಯಂತ್ರದಲ್ಲೇ ಹಿಡಿದು ನೋಡಿ. ಎರಡನೆಯದು, ನೀವು ಕೈಯಾರೆ ಕಟ್ಟಿದ ಸಿನ್‌ನ ವಿಷಯ ನಿಮ್ಮ ಕರ್ನೆಲ್‌ಗೆ ಗೊತ್ತಿಲ್ಲ. ಸಿನ್-ಆಕ್ ಬಂದಾಗ ಅದು ತಾನಾಗಿ ಆರ್‌ಎಸ್‌ಟಿ (ಕನೆಕ್ಷನ್ ಕಡಿಯುವ ಪ್ಯಾಕೆಟ್) ಕಳಿಸುತ್ತದೆ. ಇದನ್ನು ದೋಷ ಅಂದುಕೊಂಡು ಫೈರ್‌ವಾಲ್ ನಿಯಮದಿಂದ ತಡೆಯುವವರಿದ್ದಾರೆ. ಈ ಪ್ರೋಬ್‌ಗಳಿಗೆ ಹಾಗೆ ಮಾಡಬೇಡಿ. ಆ ಆರ್‌ಎಸ್‌ಟಿಯೇ ಎದುರಿನ ಯಂತ್ರದಲ್ಲಿ ಅರ್ಧ ತೆರೆದ ಕನೆಕ್ಷನ್ ಉಳಿಯದ ಹಾಗೆ ನೋಡಿಕೊಳ್ಳುತ್ತದೆ.

## ಹಂತ 6: ಉತ್ತರ ಓದುವ ಕೋಡ್ ಯಾರನ್ನೂ ನಂಬಬಾರದು

ಪ್ರತಿ ಪ್ರೋಬ್‌ಗೂ ಬೇರೆ ಸೋರ್ಸ್ ಪೋರ್ಟ್ ಮತ್ತು ಊಹಿಸಲಾಗದ ಸೀಕ್ವೆನ್ಸ್ ಸಂಖ್ಯೆ ಬಳಸಿ. ಬಂದ ಆಕ್ ಸಂಖ್ಯೆ ನೀವು ಕಳಿಸಿದ್ದಕ್ಕಿಂತ ಒಂದು ಹೆಚ್ಚಿದ್ದರೆ ಮಾತ್ರ ಅದು ನಿಮ್ಮ ಸಿನ್‌ಗೆ ಬಂದ ಉತ್ತರ. ಈ ಪರೀಕ್ಷೆ ಇಲ್ಲದಿದ್ದರೆ ತಡವಾಗಿ ಬಂದ ಒಂದು ಯಂತ್ರದ ಉತ್ತರ ಇನ್ನೊಂದರ ಲೆಕ್ಕಕ್ಕೆ ಹೋಗುತ್ತದೆ.

ಟಿಸಿಪಿ ಆಪ್ಷನ್ ಓದುವ ಲೂಪ್ ಬರೆಯುವಾಗ ಉದ್ದದ ಜಾಗದಲ್ಲಿ ಸೊನ್ನೆ ಬಂದರೆ ಏನಾಗುತ್ತದೆ ಅಂತ ನೋಡಿ. ಎಷ್ಟೋ ಕೋಡ್‌ಗಳು ಅಲ್ಲೇ ಸುತ್ತುತ್ತಾ ನಿಂತುಬಿಡುತ್ತವೆ. ನಾಪ್ ಮತ್ತು ಆಪ್ಷನ್ ಪಟ್ಟಿಯ ಕೊನೆಯ ಗುರುತು ಬಿಟ್ಟರೆ ಉಳಿದ ಯಾವುದರ ಉದ್ದವೂ 2ಕ್ಕಿಂತ ಕಡಿಮೆ ಇರುವಂತಿಲ್ಲ. ಎನ್‌ಟಿಎಲ್‌ಎಂ ಚಾಲೆಂಜ್ ಒಳಗೂ ಆಫ್‌ಸೆಟ್‌ಗಳಿವೆ, ಅವು ಪ್ಯಾಕೆಟ್‌ನ ಹೊರಗೆ ತೋರಿಸಬಹುದು. ಸ್ಕ್ಯಾನ್ ಆಗುತ್ತಿರುವ ಯಂತ್ರ ಈಗಾಗಲೇ ದಾಳಿಕೋರರ ಕೈಯಲ್ಲಿರಬಹುದು ಅಲ್ವಾ? ಅದು ಬೇಕಂತಲೇ ಕೆಟ್ಟ ಪ್ಯಾಕೆಟ್ ಕಳಿಸಬಹುದು. ಈ ಭಾಗಕ್ಕೆ ಫಜ್ ಪರೀಕ್ಷೆ (ಬೇಕಂತಲೇ ಕೆಟ್ಟ ಡೇಟಾ ಸುರಿದು ನೋಡುವುದು) ಬರೆಯದೆ ಬಿಡುಗಡೆ ಮಾಡಬೇಡಿ.

## ಹಂತ 7: ಹೋಲಿಸಿ ಅಂಕ ಕೊಡುವುದು

ಪ್ರತಿ ಲಕ್ಷಣಕ್ಕೂ ಒಂದು ತೂಕ ಇರಲಿ. ಆಪ್ಷನ್‌ಗಳ ಕ್ರಮಕ್ಕೆ ಹೆಚ್ಚು, ಏಕೆಂದರೆ ಅದು ಕರ್ನೆಲ್ ಕೋಡ್‌ನಲ್ಲೇ ಇದೆ, ಬದಲಿಸುವುದು ಕಷ್ಟ. ಟಿಟಿಎಲ್‌ಗೆ ಮಧ್ಯಮ, ಏಕೆಂದರೆ ಲಿನಕ್ಸ್‌ನಲ್ಲಿ ಒಂದೇ ಸೆಟ್ಟಿಂಗ್‌ನಿಂದ ಅದನ್ನು ಬದಲಿಸಬಹುದು. ಸ್ಕೇಲ್‌ಗೆ ಕಡಿಮೆ, ಅದು ಬಫರ್ ಗಾತ್ರದ ಸೆಟ್ಟಿಂಗ್ ಜೊತೆ ಬದಲಾಗುತ್ತದೆ. ಹೊಂದಿದ ತೂಕವನ್ನು ಒಟ್ಟು ತೂಕದಿಂದ ಭಾಗಿಸಿದರೆ ಅಂಕ.

ಬಾರದ ಉತ್ತರವನ್ನು ಏನು ಮಾಡಬೇಕು ಅನ್ನುವುದರಲ್ಲೇ ಬಹಳ ಜನ ಸೋಲುವುದು. ಖಾಲಿ ಜಾಗವನ್ನು "ಹೊಂದಿದೆ" ಅಂತ ಎಣಿಸಿದರೆ, ಒಂದೇ ಉತ್ತರ ಬಂದ ಯಂತ್ರಕ್ಕೂ ಶೇಕಡಾ 100 ಸಿಗುತ್ತದೆ. "ಹೊಂದಿಲ್ಲ" ಅಂತ ಎಣಿಸಿದರೆ ಫೈರ್‌ವಾಲ್ ಹಿಂದಿನ ಎಲ್ಲ ಯಂತ್ರಗಳೂ ಸೋಲುತ್ತವೆ. ಎರಡೂ ಬೇಡ. ಆ ಲಕ್ಷಣವನ್ನು ಭಾಜಕದಿಂದಲೂ ತೆಗೆಯಿರಿ. ಜೊತೆಗೆ, ಇಷ್ಟು ತೂಕದ ಉತ್ತರಗಳಾದರೂ ಬಂದಿದ್ದರೆ ಮಾತ್ರ ಹೋಲಿಕೆಗೆ ಕೂರುವುದು ಅನ್ನುವ ಕನಿಷ್ಠ ಮಿತಿ ಇಡಿ. ಅದರ ಕೆಳಗಿದ್ದರೆ ಉತ್ತರ "ಗೊತ್ತಿಲ್ಲ".

ಮೊದಲ ಎರಡು ಅಭ್ಯರ್ಥಿಗಳ ಅಂಕ ಹತ್ತಿರವಿದ್ದರೆ ಮೇಲಿನದ್ದನ್ನು ಸುಮ್ನೆ ಆರಿಸಬೇಡಿ. ಎರಡಕ್ಕೂ ಸಾಮಾನ್ಯವಾದ ಆಳಕ್ಕೆ ಹಿಂದೆ ಸರಿಯಿರಿ. ಲಿನಕ್ಸ್ 4 ಮತ್ತು ಲಿನಕ್ಸ್ 5 ನಡುವೆ ಗೊಂದಲವಿದ್ದರೆ "ಲಿನಕ್ಸ್" ಅನ್ನಿ. ಒಂದನೇ ಹಂತದಲ್ಲಿ ನಾಲ್ಕು ಜಾಗ ಬೇರೆ ಮಾಡಿಟ್ಟಿದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ.

## ಹಂತ 8: ಎಲ್ಲ ಸುಳಿವು ಸೇರಿಸಿ ಒಂದು ತೀರ್ಮಾನ

ಎನ್‌ಟಿಎಲ್‌ಎಂ ಬಿಲ್ಡ್, ಎಸ್‌ಎನ್‌ಎಂಪಿ, ಎಸ್‌ಎಸ್‌ಎಚ್ ಬ್ಯಾನರ್, ಟಿಸಿಪಿ, ಎಚ್‌ಟಿಟಿಪಿ. ನಾನು ಇಡುವ ನಂಬಿಕೆಯ ಕ್ರಮ ಇದು. ಆದರೆ ಮೇಲಿನದ್ದು ಸಿಕ್ಕಿತು ಅಂತ ಕೆಳಗಿನದ್ದನ್ನು ಮುಚ್ಚಿಡಬೇಡಿ. ಬ್ಯಾನರ್ ಉಬುಂಟು ಅನ್ನುತ್ತಿದೆ, ಅದೇ ಪೋರ್ಟ್‌ನ ಟಿಸಿಪಿ ವಿಂಡೋಸ್ ಅನ್ನುತ್ತಿದೆ ಅಂದರೆ ನಡುವೆ ಪ್ರಾಕ್ಸಿ ಅಥವಾ ಪೋರ್ಟ್ ಫಾರ್ವರ್ಡ್ ಇರುವ ಸಾಧ್ಯತೆ ಹೆಚ್ಚು. ವರದಿ ಓದುವವರಿಗೆ ಆ ವಿರೋಧವೇ ಬೆಲೆಯುಳ್ಳ ಮಾಹಿತಿ. ಅದನ್ನು ಹಾಗೆಯೇ ತೋರಿಸಿ.

ವರದಿಯಲ್ಲಿ ತೀರ್ಮಾನದ ಕೆಳಗೆ "ಏಕೆ" ಅಂತ ಒಂದು ಸಾಲು ಇರಲಿ: ಯಾವ ಪೋರ್ಟ್, ಯಾವ ವಿಧಾನ, ಏನು ಕಂಡಿತು. ತೀರ್ಮಾನ ದುರ್ಬಲವಾಗಿದ್ದಾಗ ಸ್ಕ್ಯಾನರ್ ಪರೀಕ್ಷೆಗಳನ್ನು ಬಿಡಬಾರದು. ಅನುಮಾನವಿದ್ದರೆ ಹೆಚ್ಚು ಪರೀಕ್ಷೆ ನಡೆಯಲಿ, ಸಮಯ ಹೋದರೂ ಪರವಾಗಿಲ್ಲ. ಇನ್ನೊಂದು, ಬ್ಯಾನರ್‌ನಲ್ಲಿ ಓಪನ್‌ಎಸ್‌ಎಸ್‌ಎಚ್ 8.9 ಕಂಡ ತಕ್ಷಣ ಆ ಸಂಖ್ಯೆಯ ಎಲ್ಲ ದೋಷಗಳನ್ನೂ ವರದಿಗೆ ಸುರಿಯಬೇಡಿ. ಡಿಸ್ಟ್ರೋಗಳು ಸಂಖ್ಯೆ ಬದಲಿಸದೆ ತಿದ್ದುಪಡಿಗಳನ್ನು ಹಳೆಯ ಆವೃತ್ತಿಗೇ ಸೇರಿಸುತ್ತವೆ. ಡಿಸ್ಟ್ರೋ ಯಾವುದು ಅಂತ ನಾವು ಇಷ್ಟು ಕಷ್ಟಪಟ್ಟು ಹುಡುಕುವುದು ಅದಕ್ಕೂ ಹೌದು.

## ಹಂತ 9: ಡೇಟಾಬೇಸ್ ಎಲ್ಲಿಂದ ತರುವುದು

ಇಲ್ಲಿ ಲೈಸೆನ್ಸ್ ಓದದೆ ಮುಂದೆ ಹೋಗಬೇಡಿ. ಎನ್‌ಮ್ಯಾಪ್‌ನ ಓಎಸ್ ಡೇಟಾ ಫೈಲ್ ಎಲ್ಲರ ಕೈಗೂ ಸಿಗುತ್ತದೆ. ಆದರೆ ಅದರ ಪಬ್ಲಿಕ್ ಸೋರ್ಸ್ ಲೈಸೆನ್ಸ್, ಆ ಫೈಲ್‌ಗಳನ್ನು ಓದುವ ಅಥವಾ ಒಳಗೊಳ್ಳುವ ತಂತ್ರಾಂಶವನ್ನೂ ತನ್ನಿಂದ ಹುಟ್ಟಿದ ಕೃತಿ ಅಂತಲೇ ನೋಡುತ್ತದೆ. ನಿಮ್ಮ ಯೋಜನೆಯ ಲೈಸೆನ್ಸ್ ಅದಕ್ಕೆ ಹೊಂದದಿದ್ದರೆ ನಕಲು ಮಾಡುವಂತಿಲ್ಲ. ಬ್ಯಾನರ್‌ಗಳಿಗೆ ರೀಕಾಗ್ ಅನ್ನುವ ಸಂಗ್ರಹವಿದೆ, ಬಿಎಸ್‌ಡಿ ಲೈಸೆನ್ಸ್‌ನಲ್ಲಿ, ಬಳಸುವುದು ಸುಲಭ. ಬರುವ ಪ್ಯಾಕೆಟ್‌ಗಳನ್ನು ನೋಡಿಯೇ ಓಎಸ್ ಗುರುತಿಸುವ ಪಿ0ಎಫ್ 3 ಎಲ್‌ಜಿಪಿಎಲ್ ಲೈಸೆನ್ಸ್‌ನಲ್ಲಿದೆ. ಆದರೆ ಅದರಲ್ಲಿ ಸಿನ್‌ಗೂ ಸಿನ್-ಆಕ್‌ಗೂ ಬೇರೆ ಬೇರೆ ಪಟ್ಟಿಗಳಿವೆ. ಸಿನ್ ಪಟ್ಟಿಯನ್ನು ತಂದು ಸಿನ್-ಆಕ್‌ಗೆ ಹೋಲಿಸಿದರೆ ವಿಂಡೋಸ್ ಎಂದೂ ಹೊಂದುವುದಿಲ್ಲ.

ಉಳಿದದ್ದನ್ನು ನಿಮ್ಮ ಪರೀಕ್ಷೆಯ ಯಂತ್ರಗಳಿಂದ ನೀವೇ ಕೂಡಿಸಿ. ಪ್ರತಿ ನಮೂದಿನ ಜೊತೆ ಪ್ಯಾಕೆಟ್ ಹಿಡಿದ ಫೈಲ್, ನಿಖರವಾದ ಆವೃತ್ತಿ, ಜಾಲದ ರಚನೆ ಇರಲಿ. ಹೊರಗಿನವರು ಕಳಿಸಿದ ನಮೂದನ್ನು ಇವು ಮೂರೂ ಇಲ್ಲದೆ ಸೇರಿಸಬೇಡಿ. ಹಿಡಿದ ಫೈಲ್‌ಗಳೇ ಮುಂದೆ ನಿಮ್ಮ ಸ್ವಯಂಚಾಲಿತ ಪರೀಕ್ಷೆಗಳು. ಹೊಸ ನಮೂದು ಸೇರಿದಾಗಲೆಲ್ಲ ಹಳೆಯವನ್ನು ಮತ್ತೆ ಓಡಿಸಿ, ಯಾವುದರ ಉತ್ತರ ಬದಲಾಯಿತು ಅಂತ ನೋಡಿ.

## ಈ ಗುರುತು ಕಂಡರೆ ನಿಲ್ಲಿಸಿ ನೋಡಿ

ಎಲ್ಲ ಯಂತ್ರಗಳೂ ಒಂದೇ ಓಎಸ್ ಅಂತ ಬರುತ್ತಿವೆ: ನಡುವಿನ ಫೈರ್‌ವಾಲ್ ಅಥವಾ ಪ್ರಾಕ್ಸಿ ಎಲ್ಲರ ಪರವಾಗಿ ಉತ್ತರಿಸುತ್ತಿದೆ. ನೀವು ವಿಪಿಎನ್ ಮೇಲಿದ್ದೀರಾ ಅಂತಲೂ ನೋಡಿ.

ಒಂದೇ ಐಪಿಯ ತೆರೆದ ಪೋರ್ಟ್‌ನಿಂದ ಒಂದು ಟಿಟಿಎಲ್, ಮುಚ್ಚಿದ ಪೋರ್ಟ್‌ನಿಂದ ಇನ್ನೊಂದು: ಆರ್‌ಎಸ್‌ಟಿ ಕಳಿಸುತ್ತಿರುವುದು ಬೇರೆ ಪೆಟ್ಟಿಗೆ ಇರಬಹುದು. ಅದರ ಲಕ್ಷಣಗಳನ್ನು ಈ ಯಂತ್ರದ ಲೆಕ್ಕಕ್ಕೆ ಸೇರಿಸಬೇಡಿ.

ನಿಧಾನವಾಗಿ ಕೇಳಿದರೆ ಒಂದು ಉತ್ತರ, ಜೋರಾಗಿ ಕೇಳಿದರೆ ಇನ್ನೊಂದು: ಎದುರಿನ ಯಂತ್ರ ಸಿನ್ ಕುಕೀಗೆ (ಸಿನ್‌ಗಳ ಪ್ರವಾಹ ಬಂದಾಗಿನ ರಕ್ಷಣೆ) ಹೋಗಿರಬಹುದು. ಆಗ ಆಪ್ಷನ್‌ಗಳು ಬದಲಾಗುತ್ತವೆ. ವೇಗ ಇಳಿಸಿ.

ಟೈಮ್‌ಸ್ಟ್ಯಾಂಪ್‌ನಿಂದ ಲೆಕ್ಕ ಹಾಕಿದ ಯಂತ್ರದ ಚಾಲನಾ ಅವಧಿ ಅಸಂಬದ್ಧವಾಗಿದೆ: ಹೊಸ ಲಿನಕ್ಸ್ ಟೈಮ್‌ಸ್ಟ್ಯಾಂಪ್‌ಗೆ ಯಾದೃಚ್ಛಿಕ ಸಂಖ್ಯೆ ಸೇರಿಸುತ್ತದೆ. ಆ ಲೆಕ್ಕವನ್ನೇ ವರದಿಯಿಂದ ತೆಗೆಯಿರಿ.

ವೈರ್‌ಶಾರ್ಕ್‌ನಲ್ಲಿ ನೀವು ಕಳಿಸಿದ ಮಾಮೂಲಿ ಪ್ಯಾಕೆಟ್‌ಗಳಿಗೂ ಚೆಕ್‌ಸಮ್ ತಪ್ಪು ಅಂತ ಕೆಂಪು ಬರುತ್ತಿದೆ: ನೆಟ್‌ವರ್ಕ್ ಕಾರ್ಡ್ ಅದನ್ನು ಆಮೇಲೆ ತುಂಬುತ್ತದೆ, ಹೆದರಬೇಡಿ. ಆದರೆ ರಾ ಸಾಕೆಟ್‌ನಲ್ಲಿ ಟಿಸಿಪಿ ಚೆಕ್‌ಸಮ್ ಲೆಕ್ಕ ಹಾಕುವುದು ನಿಮ್ಮದೇ ಕೆಲಸ. ಅದು ತಪ್ಪಿದ್ದರೆ ಎದುರಿನ ಯಂತ್ರ ಪ್ಯಾಕೆಟ್ ಅನ್ನು ಸದ್ದಿಲ್ಲದೆ ಎಸೆಯುತ್ತದೆ, ನೀವು "ಫೈರ್‌ವಾಲ್ ಇದೆ" ಅಂದುಕೊಳ್ಳುತ್ತೀರಿ. ಯಾವುದು ನಿಜ ಅಂತ ತಿಳಿಯಲು ಎದುರಿನ ಪರೀಕ್ಷಾ ಯಂತ್ರದಲ್ಲಿ ಟಿಸಿಪಿಡಂಪ್ ಓಡಿಸಿ ನೋಡಿ.